ಮಳೆ ಇಲ್ವಂತೆ

ಜಡಿಮಳೆ ಹಿಡಿದಿದೆ. ಕಿಟಕಿಯ ಪಕ್ಕದಲ್ಲಿ ಮಡಿಸಿಟ್ಟಿದ್ದ ಹಳೆಯ ಕಂಬಳಿಗೆ ಇರಚಲು ಹೊಡೆದು, ಬೆಳಿಗ್ಗೆ ಎದ್ದರೆ ಮನೆಯೆಲ್ಲ ಕುರಿಯ ವಾಸನೆ, ಅದರ ಜೊತೆಗೆ ಹುಣಸೆಬೀಜದ ಗಂಜಿಯ ವಾಸನೆ. ಕಂಬಳಿ ಗಟ್ಟಿಯಾಗಲೆಂದು ನೇಯುವವರು ಆ ಗಂಜಿ ಹಾಕುತ್ತಾರೆ. ಎಷ್ಟು ವರ್ಷವಾಗಿರಲಿ, ನಾಲ್ಕು ಹನಿ ಬಿದ್ದರೆ ಸಾಕು, ಆ ವಾಸನೆ ಮತ್ತೆ ಎದ್ದು ಕೂರುತ್ತದೆ.

ರೇಡಿಯೋದಲ್ಲಿ ಬೆಳಗಿನ ವಾರ್ತೆ ಮುಗಿದು ಹವಾಮಾನ ಶುರುವಾಗುವುದರಲ್ಲಿತ್ತು. ಆರಿಸಿಬಿಟ್ಟೆ. ಇದು ನನ್ನ ಹಳೆಯ ಚಾಳಿ. “ಅಜ್ಜಿಗೆ ಜಗತ್ತೆಲ್ಲ ಬೇಕು, ಮಳೆ ಮಾತ್ರ ಬೇಡ” ಎಂದು ಮೊಮ್ಮಗಳು ನಗುತ್ತಾಳೆ. ನಗಲಿ. ಅವಳಿಗೆ ವಿವರಿಸುವಷ್ಟು ಉಸಿರು ನನ್ನಲ್ಲಿಲ್ಲ. ನಿಮಗಾದರೆ ಹೇಳಬಹುದು, ನೀವು ನಡುವೆ ಬಾಯಿ ಹಾಕುವುದಿಲ್ಲ.

ನಾನು ಮಧುಗಿರಿಗೆ ಸೊಸೆಯಾಗಿ ಬಂದದ್ದು ದೊಡ್ಡ ಯುದ್ಧದ ಕಾಲದಲ್ಲಿ, ಇನ್ನೂ ಮಹಾರಾಜರು ಇದ್ದಾಗ. ಮಾವ ಕಂಬಳಿ ವ್ಯಾಪಾರಿ. ಸುತ್ತಲಿನ ಹಟ್ಟಿಗಳಲ್ಲಿ ಕುರುಬರು ನೇಯ್ದದ್ದನ್ನು ಕೊಂಡು ದಂಡಿಗೆ ಕಳಿಸುತ್ತಿದ್ದರು. ಹಾಗೆ ನಾಲ್ಕು ಕಾಸು ಕೈಗೆ ಬಂದಾಗ ಮನೆಗೊಂದು ರೇಡಿಯೋ ಬಂತು. ಬ್ಯಾಟರಿಯಲ್ಲಿ ನಡೆಯುವ ರೇಡಿಯೋ. ಬ್ಯಾಟರಿ ಇಳಿದರೆ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ, ಚಾರ್ಜು ಮಾಡಿಸಲು ಅದನ್ನು ತುಮಕೂರಿಗೆ ಕಳಿಸಬೇಕು. ಆ ಬಸ್ಸು ದಿಣ್ಣೆ ಕಂಡಲ್ಲೆಲ್ಲ ನಿಂತುಬಿಡುತ್ತಿತ್ತು. ಬ್ಯಾಟರಿ ಹೋಗಿ ಬರುವಷ್ಟರಲ್ಲಿ ಯಾವುದೋ ದೇಶ ಬಿದ್ದು, ಇನ್ಯಾವುದೋ ದೇಶ ಎದ್ದಿರುತ್ತಿತ್ತು.

ಅದಕ್ಕೇ ಮಾವನದು ಬಿಗಿ ಕಟ್ಟುಪಾಡು. ಬೆಳಗಿನ ಕನ್ನಡ ವಾರ್ತೆ, ಅದೊಂದೇ. ಜೊತೆಗೆ ಅವರಿಗೊಂದು ಗಟ್ಟಿ ನಂಬಿಕೆ: ಒಂದು ಬಾವಿಯನ್ನು ಹೆಚ್ಚು ಜನ ಸೇದಿದರೆ ನೀರು ಬೇಗ ಇಳಿಯುವಂತೆ, ಕೇಳುವ ಕಿವಿಗಳು ಹೆಚ್ಚಿದರೆ ಬ್ಯಾಟರಿಯೂ ಬೇಗ ಇಳಿಯುತ್ತದೆ! ಪೇಟೆಯವರು ಇದನ್ನು ತಕರಾರಿಲ್ಲದೆ ಒಪ್ಪಿದ್ದರು. ಜಗಲಿಯ ಮೇಲೆ ಮೇಷ್ಟ್ರು, ಬೇಳೆ ಅಂಗಡಿಯವರು, ಇನ್ನೊಬ್ಬಿಬ್ಬರು ಮಾತ್ರ ಕೂರಬೇಕು. ನಗಬೇಡಿ, ಲೋವರ್ ಸೆಕೆಂಡರಿ ಪಾಸಾಗಿದ್ದ ನಾನೂ ನಂಬಿದ್ದೆ. ಬಾಗಿಲ ಹಿಂದೆ ನಿಂತು, ಒಂದು ಕಿವಿಗೆ ಸೆರಗು ಒತ್ತಿಕೊಂಡು, ಇನ್ನೊಂದು ಕಿವಿಯಲ್ಲಷ್ಟೇ ಕೇಳುತ್ತಿದ್ದೆ.

ಕರಿಯಮ್ಮ ಬಂದದ್ದು ಆಗ. ಕೊರಟಗೆರೆ ರಸ್ತೆಯ ಹಟ್ಟಿಯವಳು, ನೂತ ಉಣ್ಣೆ ತಂದು ಹಾಕುತ್ತಿದ್ದವಳು. ಅವಳಿಗೆ ಒಬ್ಬನೇ ಮಗ, ಸಣ್ಣೀರ. ದಂಡಿನ ಹೇಸರಗತ್ತೆಗಳನ್ನು ನೋಡಿಕೊಳ್ಳಲು ಸೇರಿ ಬರ್ಮಾ ಕಡೆ ಹೋಗಿದ್ದ. ಅವನಿಗಾಗಿ ಅವಳೇ ನೂತು ನೇಯಿಸಿದ ಕಂಬಳಿಯನ್ನು, “ಅಲ್ಲೇ ಕೊಡ್ತಾರೆ ಕಣವ್ವ” ಎಂದು ಬಿಟ್ಟುಹೋಗಿದ್ದ. ಅವಳು ಅದನ್ನೇ ಹೊದ್ದು ಬಂದು ಜಗಲಿಯ ಕೆಳಗೆ ನಿಂತಳು.

“ಸಾವ್ಕಾರ್ರೇ, ಯುದ್ಧದ ಸುದ್ದಿ ಕಟ್ಕಂಡು ನನಗೇನು? ಹೈದ ಕಂಬ್ಳಿ ಬುಟ್ಟೋಗವ್ನೆ. ಅಲ್ಲಿ ಮಳೆ ಐತಾ ಇಲ್ವಾ, ಅದೊಂದ ಕೇಳಿ ಹೇಳ್ಬುಡಿ. ನಿಮ್ ಬ್ಯಾಟ್ರಿ ಕರಗಿಸಾಕಿಲ್ಲ ನಾನು, ಕಿವಿ ಮುಚ್ಕಂಡು ಕುಂತಿರ್ತೀನಿ.”

ಹಾಗೇ ಮಾಡಿದಳು. ವಾರ್ತೆ ಶುರುವಾದೊಡನೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, ಒಳಗಿಂದ ಎರಡು ಕೈಯಲ್ಲೂ ಕಿವಿ ಒತ್ತಿ ಹಿಡಿದು ಕೂತಳು. ದೆಹಲಿಯ ದನಿ ಹಡಗು ಮುಳುಗಿದ್ದನ್ನೂ ಊರು ಸುಟ್ಟದ್ದನ್ನೂ ಒಂದೇ ಸಮನೆ ಓದಿ ಮುಗಿಸಿತು. ಮಳೆಯ ಮಾತೇ ಇಲ್ಲ. ಮಾವ ಮುಟ್ಟಿ ಸನ್ನೆ ಮಾಡಿದಾಗ ಅವಳು ಕಂಬಳಿಯಿಂದ ಮುಖ ತೆಗೆದು ನೋಡಿದ ರೀತಿ ಇದೆಯಲ್ಲ, ಅದನ್ನು ಈಗಲೂ ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

“ಮಳೆ ಇಲ್ವಂತೆ ಕಣಮ್ಮ” ಎಂದರು ಮಾವ.

ಕಂಬಳಿಯಲ್ಲಿ ನುಸಿ ತಿಂದ ತೂತಿದ್ದರೆ ಗಿರಾಕಿ ಕೇಳುವ ಮೊದಲೇ ತಾವಾಗಿ ತೋರಿಸುತ್ತಿದ್ದ ಮನುಷ್ಯ ಅವರು! ಮೇಷ್ಟ್ರು ನೆಲ ನೋಡಿದರು. “ಸದ್ಯ” ಎಂದು ಕರಿಯಮ್ಮ ಎದ್ದುಹೋದಳು.

ಅಲ್ಲಿಂದ ಅದು ದಿನದ ಪಾಠವಾಯಿತು. ನಮ್ಮ ಕಡೆಯವರು ಮೋಡ ಕಂಡರೆ ಕೈಮುಗಿಯುವ ಜನ. ಪಾವಗಡದತ್ತ ಹೋದರಂತೂ ಕೇಳುವುದೇ ಬೇಡ. ಇಂಥ ಬರದ ಸೀಮೆಯಲ್ಲಿ ಮಳೆ ಇಲ್ಲವೆಂಬ ಮಾತಿಗಾಗಿ ದಿನವೂ ಅಷ್ಟು ದೂರ ನಡೆದು ಬಂದವಳು ಅವಳೊಬ್ಬಳೇ. ಯುದ್ಧ ಮಾತ್ರ ಮುಗಿಯುವ ಹಾಗೆ ಕಾಣಲಿಲ್ಲ. ಒಂದು ಬೆಳಿಗ್ಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ಕುಸಿದು ಕೂತರು.

“ಸಾಕಾಗೋಯ್ತು ಕಣೇ. ಅವಳು ಕೇಳೋಕೆ ಮುಂಚೇನೇ ಆ ಸುಳ್ಳು ನನ್ ಬಾಯಿಗೆ ಬಂದ್ಬುಡುತ್ತೆ.”

“ಹಂಗಾದ್ರೆ ನಾಳೆ ಮಳೆ ಐತೆ ಅಂತ ಹೇಳ್ತೀರಾ?” ಎಂದರು ಅತ್ತೆ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ.

ಮಾರನೆಯ ದಿನವೂ ಮಾವ “ಮಳೆ ಇಲ್ವಂತೆ” ಎಂದೇ ಹೇಳಿದರು.

ಕೊನೆಗೆ ಶಿರಾ ಕಡೆಯ ಸಿಪಾಯಿಯೊಬ್ಬ ರಜದ ಮೇಲೆ ಬಂದವನು ಹಟ್ಟಿಗೆ ಹೋಗಿ ಹೇಳಿದ: ಬರ್ಮಾದ ಕಾಡಿನಲ್ಲಿ ಬಿಡದೆ ಮಳೆ ಸುರಿದು, ನೆನೆದು ನೆನೆದು ಜ್ವರ ಹತ್ತಿ ಸಣ್ಣೀರ ತೀರಿಕೊಂಡಿದ್ದಾನೆ. ಸುದ್ದಿ ಪೇಟೆಗೂ ಮುಟ್ಟಿತು. ಇನ್ನು ಕರಿಯಮ್ಮ ಬರುವುದಿಲ್ಲ ಎಂದುಕೊಂಡೆವು. ಕೆಲವು ದಿನ ಬರಲೂ ಇಲ್ಲ. ಒಂದು ಬೆಳಿಗ್ಗೆ ಬಾಗಿಲ ಸಂದಿಯಿಂದ ನೋಡಿದರೆ ತನ್ನ ಜಾಗದಲ್ಲೇ ಕೂತಿದ್ದಾಳೆ. ಕಂಬಳಿ ಮಡಿಲಲ್ಲಿದೆ. ಕಿವಿ ಮುಚ್ಚಿಕೊಂಡಿಲ್ಲ.

ಮೊದಲಿಂದ ಕೊನೆಯವರೆಗೂ ವಾರ್ತೆ ಕೇಳಿದಳು. ಮಾವ ರೇಡಿಯೋ ಆರಿಸಿದರು.

“ಮಳೆ ಮಾತೇ ಬರ್ನಿಲ್ವಲ್ಲ, ಸಾವ್ಕಾರ್ರೇ.”

“ಇಲ್ಲ ಕಣಮ್ಮ.”

“ಎಂದಾರ ಬಂದಿತ್ತಾ?”

“ಒಂದಿನಾನೂ ಇಲ್ಲ.”

“ಅಂಗಾದ್ರೆ ಇಷ್ಟು ದಿನ ಮಳೆ ನಿಲ್ಲಿಸ್ತಿದ್ದೋರು ನೀವೇಯಾ?”

ಮಾವ ತಲೆ ತಗ್ಗಿಸಿದರು. ಅವಳು ಅವರನ್ನು ಬಿಟ್ಟು ಬೆಟ್ಟದ ಕಡೆ ನೋಡುತ್ತಾ, ದನಿ ಏರಿಸದೆ ಅಂದಳು: “ಹೈದ ನೆನೀತಿದ್ದ. ನಾನು ನಿದ್ದೆ ಮಾಡ್ತಿದ್ದೆ.”

ಎದ್ದುಹೋದಳು. ಕಂಬಳಿ ಅಲ್ಲೇ ಉಳಿಯಿತು. ಕಳಿಸಿಕೊಟ್ಟರೆ ವಾಪಸು ಬಂತು; ಈಗ ನನ್ನ ಕಿಟಕಿಯ ಪಕ್ಕದಲ್ಲಿರುವುದು ಅದೇ. ಮಾವ ಆಮೇಲೆ ರೇಡಿಯೋದ ಗುಂಡಿ ತಿರುಗಿಸಿ ಕೂರುತ್ತಿದ್ದರೇ ಹೊರತು ಕೇಳುತ್ತಿರಲಿಲ್ಲ. ಜಗಲಿಯವರೂ ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಕೇಳುವ ಕಿವಿ ಒಂದೂ ಇಲ್ಲದಿದ್ದರೂ ಆ ಬ್ಯಾಟರಿ ತಾನಾಗಿ ಇಳಿದುಹೋಯಿತು. ಅದನ್ನು ಮತ್ತೆ ತುಮಕೂರಿಗೆ ಕಳಿಸಲಿಲ್ಲ.

ಅವಳ ಆ ಮಾತು ಶಾಪವೋ, ಕೃತಜ್ಞತೆಯೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೋ? ಮಾವ ಸಾಯುವತನಕ ತೂಗಿ ನೋಡಿದರು. ಅವರ ನಂತರ ನಾನು ನೋಡುತ್ತ ಬಂದೆ. ಸಾಕಾಗಿದೆ. ಕರಿಯಮ್ಮ ಒಂದೇ ಒಂದು ದಿನ ಕಿವಿ ತೆರೆದು ಕೂತಳು, ನಾನು ಇಷ್ಟು ವರ್ಷ ಮುಚ್ಚಿಕೊಂಡೇ ಕಳೆದೆ.

ಎದ್ದು ರೇಡಿಯೋ ಮತ್ತೆ ಹಾಕಿದೆ. ಹವಾಮಾನ ಇನ್ನೂ ಮುಗಿದಿರಲಿಲ್ಲ. ಎಲ್ಲೆಲ್ಲಿ ಮಳೆ ಎಂದು ಒಂದೊಂದೇ ಊರಿನ ಹೆಸರು ಹೇಳುತ್ತಿದ್ದರು. ಒದ್ದೆ ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕಿವಿ ಕೊಟ್ಟು, ಕೊನೆಯ ಊರಿನವರೆಗೂ ಕೇಳಿದೆ.