ಬೀಮ್ ನಿಲ್ಲಿಸಿ ನೋಡಿ ಅಂದವಳು

ನಂಬೋಕೇ ಆಗುತ್ತಿಲ್ಲ...
ಮಾದಿ ಅಕ್ಕ ಇನ್ನಿಲ್ಲವಂತೆ.
ಬೆಳಿಗ್ಗೆ ಅವಳ ಊರು ತುಮ್ಮನಟ್ಟಿಯಿಂದ ಅವಳ ಅಣ್ಣನ ಮಗಳ ಫೋನ್.
ಮನೆಯ ಟೀ ತೋಟದಲ್ಲಿ ಲೀಫ್ ಕೀಳುತ್ತಾ ಕುಸಿದಳಂತೆ... ಅಷ್ಟೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ವಿಕಿರಣಶೀಲ ಅಯಾನುಗಳ ಬೀಮ್, ಅಂದರೆ ಆ ಕಣಗಳ ಧಾರೆ, ಎಲ್ಲಿ ಬೀಳುತ್ತಿದೆ ಅಂತ ಚಿತ್ರ ತೋರಿಸುವ ಡಿಟೆಕ್ಟರ್ ಇದೆಯಲ್ಲ, ಊಟಿಯ ನಮ್ಮ ಲ್ಯಾಬ್‌ನಲ್ಲಿ ಅದನ್ನು ಕಟ್ಟುತ್ತಿದ್ದವಳು ಅಕ್ಕ.
ಕೂದಲಿಗಿಂತ ತೆಳುವಾದ ನೂರಾರು ತಂತಿ...
ಒಂದೊಂದಕ್ಕೂ ತೂಕ ಕಟ್ಟಿ, ಬಿಗಿದು, ಬೆಸುಗೆ.
ಮಂಜು ಇಳಿದ ದಿನ ಮುಟ್ಟುತ್ತಿರಲಿಲ್ಲ. ತೇವ ಕೂತರೆ ಕರೆಂಟ್ ಸೋರುತ್ತೆ ಅಂತ ಡಾಕ್ಟರೇಟ್ ಮಾಡಿದವರಿಗೇ ಪಾಠ ಹೇಳುತ್ತಿದ್ದಳು.

ಈಗ ನಮ್ಮ ಬಾಸ್ ಪೋಸ್ಟ್ ನೋಡಿ.
"ನನ್ನ ತಂಡದ ಕಣ್ಣು ಮುಚ್ಚಿತು."
ಆಹಾ...
ಜತೆಗೊಂದು ಫೋಟೋ. ಡಿಟೆಕ್ಟರ್ ಮುಂದೆ ಸಾರ್, ಹಲ್ಲು ಕಿಸಿದುಕೊಂಡು.
ಅಕ್ಕ ಎಲ್ಲಿ? ಅಂಚಿನಲ್ಲಿ ಒಂದು ಕೈ. ಬಳೆ ನೋಡಿ ಗುರುತು ಹಿಡಿದೆ.
ಶ್ರದ್ಧಾಂಜಲಿಗೂ ಕ್ರಾಪ್ ಮಾಡಿದ ಫೋಟೋ.

ಆ ದಿನ ನೆನಪಿದೆಯಾ ಅಕ್ಕ?
ಡಿಟೆಕ್ಟರ್ ಹೊತ್ತು ಘಾಟ್ ಇಳಿದು, ಬೀಮ್ ಹುಟ್ಟಿಸುವ ಆಕ್ಸಿಲರೇಟರ್‌ಗೆ ಹೋಗಿದ್ದೆವು.
ಸ್ಕ್ರೀನ್ ಮೇಲೆ ಒಂದು ಚುಕ್ಕೆ ಕಂಡಿತು.
ಹೊಸ ಬೀಮ್ ಸಿಕ್ಕಿತು ಅಂತ ಸಾರ್ ಕುಣಿದರು. ಫೋಟೋ ತೆಗೆಸಿಕೊಂಡರು, ಸ್ವೀಟ್ ಹಂಚಿದರು, ದೊಡ್ಡವರಿಗೆಲ್ಲ ಫೋನ್ ಮಾಡಿದರು.
ನೀನು ಹಿಂದಿನಿಂದ ಮೆಲ್ಲಗೆ ಅಂದೆ: "ಒಂದ್ಸಲ ಬೀಮ್ ನಿಲ್ಲಿಸಿ ನೋಡಿ ಸಾರ್."
ನಿಲ್ಲಿಸಿದರು.
ಚುಕ್ಕೆ ಹಾಗೇ ಇತ್ತು.
ಹಿಂದಿನ ದಿನದ ಅಯಾನುಗಳು ಡಿಟೆಕ್ಟರ್ ಎದುರಿನ ತಗಡಿನಲ್ಲಿ ಸಿಕ್ಕಿಕೊಂಡು ಇನ್ನೂ ವಿಕಿರಣ ಸೂಸುತ್ತಿದ್ದವು...
ಸಾರ್ ಸ್ವೀಟ್ ಹಂಚಿದ್ದು ತಂಗಳು ಬೀಮಿಗೆ.

ತಗಡು ಬದಲಿಸಿ, ಮೂರನೇ ದಿನ ನಿಜವಾದ ಚಿತ್ರ ಬರುವ ಹಾಗೆ ಮಾಡಿದವಳೂ ನೀನೇ.
ಅದರ ಮೇಲೆ ಸಂಶೋಧನಾ ಪೇಪರ್ ಬಂತು. ಹನ್ನೊಂದು ಹೆಸರು. ಒಂದು ತಂತಿಯನ್ನೂ ಮುಟ್ಟದವರದ್ದೂ ಇತ್ತು.
ನಿನ್ನದಿರಲಿಲ್ಲ.
ನಾನು ಹೋಗಿ ಕೇಳಿದೆ. ಕೈಕೆಲಸದವರ ಹೆಸರು ಹಾಕುವ ಪದ್ಧತಿ ಇಲ್ಲವಂತೆ. ಥೂ... ಅವರ ಪದ್ಧತಿಗಿಷ್ಟು.
ನೀನು ಬೈಯಲೂ ಇಲ್ಲ. "ಎನ್ನ ಹೆಸರು ಒಂದು ಸಲ ಬರಲಿ ತಮ್ಮಾ, ಸಾಕು" ಅಂದೆ.
ಆಮೇಲೆ ಎಷ್ಟೋ ಪೇಪರ್ ಬಂದವು... ಬರಲೇ ಇಲ್ಲ.

ಇವತ್ತು ಅವರ ಪೋಸ್ಟ್ ಕೆಳಗೆ ನಿನ್ನ ಮಾತನ್ನೇ ಬರೆದೆ ಅಕ್ಕ.
ಬೀಮ್ ನಿಲ್ಲಿಸಿ ನೋಡಿ ಸಾರ್.
ಐದು ನಿಮಿಷಕ್ಕೆ ಡಿಲೀಟ್. ನನ್ನನ್ನು ಬ್ಲಾಕ್ ಕೂಡ.
ಇರಲಿ. ಇದು ನನ್ನ ವಾಲ್, ಇಲ್ಲಿ ಯಾರಪ್ಪನ ಪದ್ಧತಿಯೂ ನಡೆಯಲ್ಲ.

ಆ ಡಿಟೆಕ್ಟರ್ ಕಟ್ಟಿದ್ದು ತುಮ್ಮನಟ್ಟಿಯ ಮಾದಿ.
ಆ ಚಿತ್ರ ತೆಗೆದದ್ದು ತುಮ್ಮನಟ್ಟಿಯ ಮಾದಿ.

ಹೋಗಿ ಬಾ ಅಕ್ಕ...
ಆ ಕೈಗಳಿಗೆ ಇನ್ನಾದರೂ ಬಿಡುವು ಸಿಗಲಿ. ನಿನ್ನ ಜೀವ ತಣ್ಣಗಿರಲಿ.