ಉದ್ಘಾಟನೆಯಾಗದ ಚಿಕಿತ್ಸೆ

ಹುಮನಾಬಾದಿನ ಕ್ರೀಡಾಕೂಟದಲ್ಲಿ ಓಡುತ್ತಿದ್ದ ನನ್ನ ಮಗಳು ಬಿಸಿಲಿಗೆ ಎಚ್ಚರ ತಪ್ಪಿ ಬಿದ್ದಳು. ಎತ್ತಿಕೊಂಡು ಪ್ರಥಮ ಚಿಕಿತ್ಸೆಯ ಟೆಂಟಿಗೆ ಓಡಿದೆ. ಒಳಗೆ ನರ್ಸ್, ಮಂಚ, ಗ್ಲುಕೋಸ್ ಎಲ್ಲವೂ ಸಿದ್ಧವಿದ್ದವು. ಬಾಗಿಲಿಗೆ ಮಾತ್ರ ಕೆಂಪು ರಿಬ್ಬನ್ ಕಟ್ಟಿತ್ತು.

“ಜರಾ ತಡೀರಿ ಅಕ್ಕಾ, ಇನ್ನಾ ಉದ್ಘಾಟನೆ ಆಗಿಲ್ಲ. ಸಾಹೇಬ್ರು ಮನ್ನಾಏಖೇಳ್ಳಿ ದಾಟ್ಯಾರಂತ, ಬರಾಕತ್ತಾರ,” ಎಂದರು ಸಂಘಟಕರು.

“ಹಂಗಾದ್ರ ಅವ್ರು ಬಂದ ಮ್ಯಾಲ ಬೀಳು ಅಂತ ಮೊದಲ ಹೇಳಬೇಕಿತ್ತಲ್ರಿ ಈಕಿಗಿ,” ಎಂದು ನಾನು ರಿಬ್ಬನ್ನಿನಡಿ ಬಗ್ಗಿ ಒಳನುಗ್ಗಿದೆ.

ನರ್ಸ್ ಒದ್ದೆ ಬಟ್ಟೆ ಹಾಕುತ್ತ ಹೋದಂತೆ ಮಗಳು ಕಣ್ಣು ತೆರೆದಳು. ಅಷ್ಟರಲ್ಲಿ ಸಾಹೇಬರು ಬಂದು, ರಿಬ್ಬನ್ ಕತ್ತರಿಸಿ, ಅವಳ ಹಣೆ ಮುಟ್ಟಿ ಫೋಟೊ ತೆಗೆಸಿಕೊಂಡರು. ಸಕಾಲಿಕ ಚಿಕಿತ್ಸೆಯೆಂದು ಮೈಕಿನಲ್ಲಿ ಹೊಗಳಿಕೆಯೂ ಆಯಿತು.

ಮುಂದಿನ ವಾರ ಬಸವಕಲ್ಯಾಣದಲ್ಲಿ ಅವಳ ಓಟವಿದೆ. ಬ್ಯಾಗಿನಲ್ಲಿ ನೀರಿನ ಬಾಟಲಿಯ ಜೊತೆ ಒಂದು ಕತ್ತರಿಯನ್ನೂ ಇಟ್ಟಿದ್ದೇನೆ.