ಹಾಯಿಯ ಹಗ್ಗಕ್ಕೆ ನನ್ನ ಭಾರ

ಗೆಳತಿಯರೇ, ಇವತ್ತು ಯರಗಟ್ಟಿಯ ಹಗ್ಗದಂಗಡಿಯಲ್ಲಿ ನಾನೇ ಹಾಕಿದ ಷರತ್ತಿಗೆ ನಾನೇ ಸಿಕ್ಕಿಬಿದ್ದೆ.

ಮೊಮ್ಮಗಳು ಸುಮಾ ನಮ್ಮ ಅಂಗಳದಲ್ಲೇ ಪ್ಲೈವುಡ್ಡಿನ ಪುಟ್ಟ ಹಾಯಿದೋಣಿ ಕಟ್ಟಿದ್ದಾಳೆ. ಅದು ಸವದತ್ತಿ ಡ್ಯಾಮಿನ ಹಿನ್ನೀರಿಗೆ ಇಳಿಯುವುದು ನನಗೆ ಬೇಡವಾಗಿತ್ತು. "ಹಗ್ಗ ನನ್ನ ಮನಸಿಗಿ ಬಂದ್ರಷ್ಟ ದೋಣಿ ನೀರಿಗಿ ಇಳೀತೈತಿ" ಎಂದಿದ್ದೆ. ಯಾವುದನ್ನೂ ಒಪ್ಪಬಾರದೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ.

ಅಂಗಡಿಯವನು ಹೊಳೆಯುವ ನೈಲಾನ್ ಹಗ್ಗ ಕೊಟ್ಟ. ಹಾಯಿ ಎತ್ತಿ ಕಟ್ಟುವ ಹಗ್ಗ ಹಿಗ್ಗಿದರೆ ಹಾಯಿ ಜೋಲುತ್ತದೆ ಎಂದು ಸುಮಾ ಹೇಳಿದ್ದಳು. ಆ ನೈಲಾನ್ ಹಗ್ಗವನ್ನು ಅಂಗಡಿಯ ಕಂಬಕ್ಕೆ ಕಟ್ಟಿ, ಸೆರಗು ಸಿಕ್ಕಿಸಿ, ಹಿಂದಕ್ಕೆ ಜಗ್ಗಿದೆ. ಗೇಣುದ್ದ ಹಿಗ್ಗಿತು. ಗೆದ್ದೆ ಎಂದುಕೊಂಡೆ.

"ಇರ್ಲಿ ಬಿಡ್ರಿ ಅಮ್ಮಾರ, ಹೆಣ್ಣಹುಡುಗಿ ಆಟದ ದೋಣಿಗಿ ಇದ ಸಾಕು" ಎಂದ.

ಸಿಟ್ಟು ನೆತ್ತಿಗೇರಿತು. "ಆಟ ಅಂತೀಯೇನೋ? ತನ್ನ ಕೈಲೆ ಕಟ್ಯಾಳ ಆಕಿ. ಒಳಗಿಂದ ಛಲೋದು ತಗಿ!"

ಒಳಗಿನಿಂದ ಹೆಣೆದ ಪಾಲಿಯೆಸ್ಟರ್ ಹಗ್ಗ ಬಂತು. ಮೈಭಾರವೆಲ್ಲ ಹಾಕಿ ಜಗ್ಗಿದೆ. ಕಂಬ ಕಿರುಗುಟ್ಟಿತೇ ಹೊರತು ಹಗ್ಗ ಹಿಗ್ಗಲಿಲ್ಲ. ಅದೇ ಸಿಟ್ಟಿನಲ್ಲಿ ಹಾಯಿಕಂಬದ ತುದಿಯಲ್ಲಿ ಹಗ್ಗ ಹಾಯಿಸಲು ತುಕ್ಕು ಹಿಡಿಯದ ಸ್ಟೀಲಿನ ರಾಟೆಯನ್ನೂ ತಿರುಗಿಸಿ ನೋಡಿ ಆರಿಸಿದೆ.

ಹೊರಗೆ ಬಂದಾಗ, ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದ ಸುಮಾ ನಗುತ್ತ ಕೇಳಿದಳು: "ಆಯಿ, ಹಂಗಾರ ಹಗ್ಗ ನಿನ್ನ ಮನಸಿಗಿ ಬಂತು?"

ಕೊಟ್ಟ ಮಾತಿಗೆ ತಪ್ಪುವವಳು ನಾನಲ್ಲ. ರವಿವಾರ ದೋಣಿ ನೀರಿಗಿಳಿಯುತ್ತದೆ. ಹಗ್ಗ ನನ್ನ ಭಾರ ತಡೆಯುವುದನ್ನು ಇಡೀ ಪೇಟೆ ನೋಡಿದೆ. ದೋಣಿ ತಡೆಯುತ್ತದೆಯೋ ಇಲ್ಲವೋ, ಅವತ್ತು ಅದರಲ್ಲಿ ನಾನೇ ಕುಳಿತು ನೋಡುತ್ತೇನೆ.